ಹುಲಿಯ ಮುಂದಿಟ್ಟ ಕಾಯಿ ನನ್ನ ಚೀಲದ್ದು

ಮೃಗಾಲಯದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ ಎಂದು ರೂಢಿಗಾಗಿ ಕರೆಯುತ್ತಿದ್ದೇನೆ, ಅದರಲ್ಲಿ ಹೆಚ್ಚಿನ ಅರ್ಥ ಹುಡುಕಬೇಡಿ.

ಈ ಪತ್ರದ ಮೊದಲ ಕರಡಿನಲ್ಲಿ ಒಂದು ಮಾತನ್ನು ಬಿಟ್ಟುಬಿಡಲು ಹೊರಟಿದ್ದೆ. ನಿಮ್ಮ ಹುಲಿಯ ಆವರಣದ ಮುಂದೆ ನನ್ನ ಗಂಡ ಇಟ್ಟ ತೆಂಗಿನಕಾಯಿ ನನ್ನ ಚೀಲದಲ್ಲಿತ್ತು. ಮನೆಯಿಂದ ತಂದವಳು ನಾನು, ಕುಂಕುಮ ಹಚ್ಚಿ ಅವರ ಕೈಗೆ ಕೊಟ್ಟವಳೂ ನಾನು. ಹುಬ್ಬಳ್ಳಿಯ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದಿದ ಹೆಂಗಸೊಬ್ಬಳು ತನ್ನ ‘ಮುಗ್ಧ’ ಗಂಡನ ಪರವಾಗಿ ಬರೆದರೆ ನಿಮ್ಮಂಥವರಿಗೆ ಓದಲು ಹಿತವಾಗಿರುತ್ತದೆ. ಆ ಹಿತವನ್ನು ನಿಮಗೆ ಕೊಡಬಾರದು ಅನ್ನಿಸಿತು. ಅದಕ್ಕೇ ಹೇಳುತ್ತಿದ್ದೇನೆ.

ದೂರು ಇಷ್ಟು. ಮೃಗಾಲಯದ ಅಧಿಕೃತ ಪುಟದಲ್ಲಿ ನೀವು ನನ್ನ ಗಂಡ ಉಲ್ಲಾಸ ಅವರ ವಿಡಿಯೊ ಹಾಕಿದ್ದೀರಿ. ಮುಖ ಮರೆಮಾಡಿಲ್ಲ. ‘ಹುಲಿಗೆ ಕಾಯಿ ತಿನ್ನಿಸಲು ಬಂದ ಮಹಾನುಭಾವರು’ ಎಂಬ ತಲೆಬರಹ ಕೊಟ್ಟಿದ್ದೀರಿ, ಹಿನ್ನೆಲೆಗೆ ಜನ ಬಿದ್ದುಬಿದ್ದು ನಗುವ ಸದ್ದು ಸೇರಿಸಿದ್ದೀರಿ. ನಾವು ಬಂದ ದಿನ ನಿಮ್ಮ ಕುಡಿಯುವ ನೀರಿನ ನಲ್ಲಿಯಲ್ಲಿ ನೀರಿರಲಿಲ್ಲ. ಮೊಸಳೆ ಹೊಂಡದ ಪಕ್ಕದ ಕಟಾಂಜನವನ್ನು ಸುತಳಿ ದಾರದಿಂದ ಕಟ್ಟಿದ್ದರು. ಅವಕ್ಕೆಲ್ಲ ಸಿಬ್ಬಂದಿ ಇಲ್ಲದ ಕಚೇರಿಯಲ್ಲಿ ವಿಡಿಯೊಗೆ ನಗು ಅಂಟಿಸಲು ಮಾತ್ರ ಒಬ್ಬರು ಪುರುಸೊತ್ತಾಗಿದ್ದರು ಎಂಬುದು ಆಡಳಿತದ ದಕ್ಷತೆಗೆ ಸಾಕ್ಷಿಯೇ ಸರಿ.

ನಡೆದದ್ದನ್ನು ಹೇಳುತ್ತೇನೆ. ಸೆಪ್ಟೆಂಬರಿನಲ್ಲಿ ನಮ್ಮ ಮದುವೆಯ ದಿನಕ್ಕೆಂದು ಇಬ್ಬರೂ ಯಲ್ಲಾಪುರದಲ್ಲಿ ಬಸ್ಸು ಹತ್ತಿ ನಿಮ್ಮಲ್ಲಿಗೆ ಬಂದೆವು. ಬಹಳ ವರ್ಷಗಳಿಂದ ಹೋಗೋಣ ಹೋಗೋಣ ಎನ್ನುತ್ತಿದ್ದ ತಿರುಗಾಟ ಅದು. ಹೊರಡುವಾಗ ಅತ್ತೆ ವೆಂಕಮ್ಮ ನನ್ನ ಚೀಲಕ್ಕೆ ಕಾಯಿ ಹಾಕಿದರು. ನಮ್ಮ ನಂದೊಳ್ಳಿಯ ಕಡೆ ದೀಪಾವಳಿಯ ಪಾಡ್ಯದಂದು, ದನ ಮೇಯುವ ಬೆಟ್ಟದ ಅಂಚಿನಲ್ಲಿರುವ ಹುಲಿಯಪ್ಪನ ಕಲ್ಲಿಗೆ ಕಾಯಿ ಇಡುವ ವಾಡಿಕೆಯಿದೆ. ದನಕರುಗಳನ್ನು ನೋಡಿಕೋ, ನಿನ್ನ ಪಾಲಿಗೆ ನಾವು ಅಡ್ಡ ಬರುವುದಿಲ್ಲ ಎಂಬ ಒಪ್ಪಂದ ಅದು. ಕಳೆದ ವರ್ಷ ಮೊಣಕಾಲು ನೋವಿನಿಂದ ಅತ್ತೆಗೆ ಅಲ್ಲಿಗೆ ಹೋಗಲಾಗಿರಲಿಲ್ಲ.

“ಹ್ಯಾಗೂ ಅವ್ನ ಮನೆಗೇ ಹೋಗ್ತಿದ್ರಿ. ಕಲ್ಲಿನ ಮುಂದೆ ಇಡೂ ಬದ್ಲು ಅವ್ನ ಮುಂದೇ ಇಟ್ಟು ಬನ್ನಿ. ಮುದುಕಿಗೆ ಕಾಲಿಲ್ಲ ಅಂತ ಹೇಳಿ, ಅವಂಗೂ ವಯಸ್ಸಾದದ್ದೇ ಹೌದು,” ಎಂದರು.

ನಾವು ನಕ್ಕೆವು. ಕಾಯಿಯನ್ನು ಮಾತ್ರ ಚೀಲದಿಂದ ತೆಗೆದಿಡಲಿಲ್ಲ.

ನಿಮ್ಮ ಹುಲಿಯ ಎದುರು ದಾನಿಯೊಬ್ಬರ ಹೆಸರಿನ ಫಲಕವಿದೆ, ಹುಲಿಗಿಂತ ಚೆನ್ನಾಗಿ ಕಾಣುತ್ತದೆ. ಹುಲಿ ಮೂಲೆಯಲ್ಲಿ ಬೆನ್ನು ಹಾಕಿ ಮಲಗಿತ್ತು. ಅದನ್ನು ಎಬ್ಬಿಸಲು ಕಪ್ಪು ಕನ್ನಡಕದ ನಾಲ್ಕೈದು ಗಂಡಸರು ಸಿಳ್ಳೆ ಹಾಕುತ್ತಿದ್ದರು. ಅವರಲ್ಲೊಬ್ಬ ನೀರಿನ ಬಾಟಲಿಯನ್ನು ಬೇಲಿಯ ಮೇಲಿಂದ ಒಳಗೆ ಎಸೆದ. ಅದು ಹುಲಿಯ ಬಾಲದ ಹತ್ತಿರ ಬಿತ್ತು. ಹುಲಿ ಅಲುಗಾಡಲಿಲ್ಲ, ಅವರು ಬೇಸರದಿಂದ ಮುಂದೆ ಹೋದರು. ಆಮೇಲೆ ಉಲ್ಲಾಸ ಕಟಾಂಜನದ ಈಚೆಗಿನ ಕಟ್ಟೆಯ ಮೇಲೆ ಕಾಯಿಯನ್ನಿಟ್ಟು ಕೈಮುಗಿದರು. ಈಚೆಗೆ ಎಂಬುದನ್ನು ದಯವಿಟ್ಟು ಗಮನಿಸಿ. ಒಡೆಯಲಿಲ್ಲ, ಎಸೆಯಲಿಲ್ಲ.

ಕಾವಲುಗಾರರೊಬ್ಬರು ಬಂದರು. “ಏನ್ರಿ ಯಜಮಾನ್ರ, ಹುಲಿ ಕಾಯಿ ತಿಂತೈತೇನ್ರಿ?” ಎಂದು ಕೇಳಿದರು.

“ತಿನ್ಲಿ ಅಂತ ಅಲ್ಲ. ಕೊಟ್ಟೆ ಅಂತ,” ಎಂದರು ಉಲ್ಲಾಸ.

ಇಲ್ಲಿ ಹೀಗೆಲ್ಲ ಇಡುವಂತಿಲ್ಲ, ಮೇಲೆ ಕ್ಯಾಮೆರಾ ಇದೆ ಎಂದು ಕಾವಲುಗಾರರು ತಗ್ಗಿದ ದನಿಯಲ್ಲಿ ತಿಳಿಸಿದರು. ನಾವು ಕಾಯಿ ತೆಗೆದೆವು. ವಿಷಯ ಅಲ್ಲಿಗೆ ಮುಗಿದಿತ್ತು. ಅವರು ನಿಯಮ ಪಾಲಿಸಿದರು, ನಾವು ಮಾತು ಕೇಳಿದೆವು. ಪ್ರಾಣಿಗಳ ಮುಂದೆ ಏನನ್ನೂ ಇಡಬಾರದೆಂಬ ನಿಯಮ ಸರಿಯಾದದ್ದೇ. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ನಿಮ್ಮ ಕತ್ತರಿಯ ಬಗ್ಗೆ. ನಿಮ್ಮ ವಿಡಿಯೊ ಶುರುವಾಗುವುದು ಬಾಟಲಿ ಎಸೆದವರು ಚೌಕಟ್ಟಿನಿಂದ ಹೊರಗೆ ಕಾಲಿಟ್ಟ ಮೇಲೆ. ಕೊನೆಯವನ ಹಿಮ್ಮಡಿ ಈಗಲೂ ಅದರ ಅಂಚಿನಲ್ಲಿ ಕಾಣುತ್ತದೆ. ಹಾಗಾದರೆ ನೀವು ಅದನ್ನೂ ನೋಡಿದ್ದೀರಿ. ಹುಲಿಯತ್ತ ಕಸ ಎಸೆದವರು ನಿಮಗೆ ಸಂದರ್ಶಕರು, ಕೈಮುಗಿದವರು ಹಾಸ್ಯದ ವಸ್ತು. ಯಾವುದು ನಾಗರಿಕತೆ, ಯಾವುದು ಮೌಢ್ಯ ಎಂದು ತೀರ್ಮಾನಿಸುವ ತರಬೇತಿಯನ್ನು ನಿಮಗೆ ಯಾವ ಅಕಾಡೆಮಿಯಲ್ಲಿ ಕೊಟ್ಟರು?

ಒಂದು ನಗು ತಾನೇ, ಇಷ್ಟು ದೊಡ್ಡದು ಮಾಡಬೇಕೇ ಎಂದು ನನ್ನನ್ನೇ ಹಲವು ಬಾರಿ ಕೇಳಿಕೊಂಡೆ. ನನಗೆ ಹುಲಿಯಪ್ಪನಲ್ಲಿ ನಂಬಿಕೆಯಿದೆಯೇ? ನಿಜವಾಗಿ ಗೊತ್ತಿಲ್ಲ. ನನ್ನ ಸಿಟ್ಟು ಬರೀ ಮರ್ಯಾದೆ ಹೋದದ್ದಕ್ಕೋ? ಸ್ವಲ್ಪ ಅದಕ್ಕೂ ಹೌದು. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ.

ಉಲ್ಲಾಸ ನಮ್ಮೂರ ಗ್ರಾಮ ಅರಣ್ಯ ಸಮಿತಿಯ ಅಧ್ಯಕ್ಷರು. ಕಾಡಿನಲ್ಲಿ ಹುಲಿಯೋ ಚಿರತೆಯೋ ದನ ಹಿಡಿದರೆ, ಅದು ಮತ್ತೆ ತಿನ್ನಲು ಬರುತ್ತದೆಂದು ಸತ್ತ ದನಕ್ಕೆ ವಿಷ ಹಾಕಿ ಸೇಡು ತೀರಿಸಿಕೊಳ್ಳುವ ಯೋಚನೆ ಯಾರ ಮನೆಯಲ್ಲಾದರೂ ಹುಟ್ಟುತ್ತದೆ. ಆಗ ಹೋಗಿ ಕೂತು ಮಾತಾಡುವವರು ಇವರು. ಇವರ ಕೈಯಲ್ಲಿ ಕಾನೂನಿನ ಪುಸ್ತಕವಿರುವುದಿಲ್ಲ. “ಕಾಯಿ ಕೊಟ್ಟು ಮಾತು ಕೊಟ್ಟೀವಿ. ಅವ್ನ ಪಾಲು ಅವ್ನು ತಗಂಡ,” ಎನ್ನುತ್ತಾರೆ. ಆ ಒಂದು ಮಾತಿಗೆ ಜನ ವಿಷದ ಡಬ್ಬಿಯನ್ನು ಕೆಳಗಿಟ್ಟಿದ್ದನ್ನು ನಾನೇ ಕಂಡಿದ್ದೇನೆ. ನಿಮ್ಮ ಇಲಾಖೆಯ ಭಿತ್ತಿಪತ್ರದಿಂದ ಹಾಗಾದದ್ದನ್ನು ಇನ್ನೂ ಕಂಡಿಲ್ಲ.

ಈ ತಿಂಗಳ ಮೊದಲ ವಾರ ನೆರೆಯ ಕೆರಿಯಪ್ಪನವರ ಆಕಳು ಬೆಟ್ಟದಲ್ಲಿ ಹುಲಿಯ ಬಾಯಿಗೆ ಸಿಕ್ಕಿ ಸತ್ತಿತು. (ಅವರ ಹೆಸರು ಬರೆಯುವ ಮುನ್ನ ಮನೆಗೆ ಹೋಗಿ ಕೇಳಿದ್ದೇನೆ. ಹೀಗೂ ಒಂದು ಪದ್ಧತಿ ಇದೆ ಎಂದು ನಿಮ್ಮ ಗಮನಕ್ಕೆ.) ಎಂದಿನಂತೆ ಉಲ್ಲಾಸ ಹೋದರು, ಎಂದಿನ ಮಾತು ಶುರುಮಾಡಿದರು. ಅಂಗಳದಲ್ಲಿ ಸೇರಿದ್ದವರ ಫೋನುಗಳಲ್ಲಿ ನಿಮ್ಮ ವಿಡಿಯೊ ಇತ್ತು.

“ಅಲ್ಲ ಉಲ್ಲಾಸಣ್ಣ,” ಎಂದರು ಕೆರಿಯಪ್ಪ, “ಕಾಯಿ ತಿನ್ನೂ ಹುಲಿ ನನ್ನ ಆಕಳ ಎಂತಕ್ಕೆ ತಿಂತು?”

ಎಲ್ಲರೂ ನಕ್ಕರು. ನೀವು ಅಂಟಿಸಿದ ನಗು ಅಷ್ಟು ದೂರ ಬಂದು ತಲುಪಿತ್ತು. ಉಲ್ಲಾಸ ಎದ್ದು ಬಂದರು. ಕೆರಿಯಪ್ಪ ಒಳ್ಳೆಯವರು, ವಿಷ ಹಾಕದೆ ಆಕಳನ್ನು ಹೂತರು. ನಕ್ಕದ್ದಕ್ಕೆ ಬೇಜಾರು ಮಾಡಿಕೊಂಡು ನಮ್ಮ ಮನೆಗೂ ಬಂದು ಹೋದರು. ಆದರೆ ಮುಂದಿನ ದನ ಯಾರದ್ದೋ ಗೊತ್ತಿಲ್ಲ, ಅವರು ಅಷ್ಟು ಒಳ್ಳೆಯವರೋ ಇಲ್ಲವೋ ಅದೂ ಗೊತ್ತಿಲ್ಲ. ಅಧ್ಯಕ್ಷಗಿರಿಗೆ ರಾಜೀನಾಮೆ ಕೊಡುತ್ತೇನೆ ಎಂದು ಉಲ್ಲಾಸ ಹೇಳಿದ್ದಾರೆ. ಈ ದೀಪಾವಳಿಗೆ ಕಾಯಿ ಇಡುವುದೂ ಬೇಡ ಎಂದಿದ್ದಾರೆ. ಪಂಜರದ ಒಂದು ಹುಲಿಗೆ ಕಾವಲಿರುವ ನೀವು, ಪಂಜರವಿಲ್ಲದ ಹುಲಿಗಳಿಗೆ ಇದ್ದ ಕಾವಲನ್ನು ಒಂದು ತಮಾಷೆಗಾಗಿ ತೆಗೆದುಹಾಕಿದ್ದೀರಿ. ಇದಕ್ಕೆ ಬಡ್ತಿ ಸಿಗುತ್ತದೆಯೋ ಏನೋ.

ನನ್ನ ಬೇಡಿಕೆ ದೊಡ್ಡದಲ್ಲ. ಆ ವಿಡಿಯೊ ತೆಗೆಯಿರಿ. ಅದೇ ಪುಟದಲ್ಲಿ, ನಗುವಿನ ಸದ್ದಿಲ್ಲದೆ, ನಿಮ್ಮ ಮುಖ ತೋರಿಸಿ ಕ್ಷಮೆ ಕೇಳಿ. ಬಾಟಲಿ ಬಿದ್ದದ್ದನ್ನೂ ಹೇಳಿ. ಆಮೇಲೆ ನಮ್ಮ ಸಮಿತಿಯ ಸಭೆಗೆ ಬಂದು ಜನರೆದುರು ಉಲ್ಲಾಸ ಅವರ ಪಕ್ಕ ಕೂತುಕೊಳ್ಳಿ. ಮಾತಾಡಬೇಕಾಗಿಲ್ಲ, ಅದನ್ನು ಅವರು ನಿಮಗಿಂತ ಚೆನ್ನಾಗಿ ಮಾಡುತ್ತಾರೆ.

ಇಂತಿ,
ನಿಮ್ಮ ಕ್ಯಾಮೆರಾ ಹಿಡಿಯಲು ಮರೆತ ಆರೋಪಿ,
ಮಮತಾ, ನಂದೊಳ್ಳಿ

ಪಾಡ್ಯದಂದು ಅಂಚೆ ಕಚೇರಿಗೆ ರಜೆ. ನಿಮ್ಮಲ್ಲಿಂದ ವಾಪಸು ತಂದ ಕಾಯಿ ಇನ್ನೂ ಆ ಚೀಲದಲ್ಲೇ ಇದೆ. ಆ ದಿನ ಹುಲಿಯಪ್ಪನ ಕಲ್ಲಿಗೆ ಅದನ್ನು ನಾನೊಬ್ಬಳೇ ಇಡುತ್ತೇನೋ, ಇಬ್ಬರೂ ಹೋಗುತ್ತೇವೋ ತಿಳಿಯದು. ಇಟ್ಟು ಬಂದ ಮರುದಿನ ಈ ಪತ್ರವನ್ನು ಅಂಚೆಗೆ ಹಾಕುತ್ತೇನೆ: ಗುರುವಾರ, 23 ಅಕ್ಟೋಬರ್ 2025.