ಸುಬ್ಬನ ಹೆಸರಿನ ಇದ್ದಿಲು ಲೈಸೆನ್ಸು

ಚೆರಂಬಾಣೆ
೯ ಏಪ್ರಿಲ್ ೧೯೫೩, ಗುರುವಾರ

ನಮ್ಮ ಕಮಲನ ಅಪ್ಪನಿಗೆ ಯಮುನ ಮಾಡುವ ನಮಸ್ಕಾರಗಳು.

ನಿಮ್ಮ ಜ್ವರ ಪೂರ್ತಿ ಬಿಟ್ಟಿತೇ? ಆಸ್ಪತ್ರೆಯಿಂದ ಬ್ಯಾರಕ್ಕಿಗೆ ಬಂದೆ ಅಂತ ಒಂದು ಸಾಲು ಬರೆದಿರಿ, ಊಟ ಸೇರುತ್ತದೋ ಇಲ್ಲವೋ ಬರೆಯಲಿಲ್ಲ. ಜಬ್ಬಲ್‌ಪುರದ ಬಿಸಿಲಲ್ಲಿ ತಲೆಗೆ ಬಟ್ಟೆ ಇಲ್ಲದೆ ತಿರುಗಬೇಡಿ. ಇಲ್ಲಿ ಕಮಲ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದು, ಜಬ್ಬಲ್‌ಪುರ ಅನ್ನಲು ಹೋದರೆ ಬರೀ ಗಾಳಿ ಬರುತ್ತದೆ. ಅದನ್ನು ಕೇಳಿ ಅವಳೇ ನಗುತ್ತಾಳೆ. ಅತ್ತೆಯ ಮಂಡಿನೋವು ಹಾಗೇ ಇದೆ. ಹೂಮಳೆ ಹೊತ್ತಿಗೆ ಸರಿಯಾಗಿ ಬಂತು, ಕಾಫಿ ಒಳ್ಳೆ ಹೂ ಬಿಟ್ಟಿತು. ಬರೆಯಲಿಕ್ಕೆ ಖುಷಿಯಾಗುವ ಸುದ್ದಿ ಇಷ್ಟೇ.

ನಿಮ್ಮ ಅಣ್ಣ ಬೆಳ್ಯಪ್ಪ ಭಾವನಿಗೆ ಇದ್ದಿಲು ಸುಟ್ಟು ಮೈಸೂರಿಗೆ ಕಳುಹಿಸುವ ಯೋಚನೆ ಹತ್ತಿದ್ದು ನಿಮಗೆ ಗೊತ್ತು. ಗದ್ದೆ ಮೇಲಿನ ನಮ್ಮ ಸ್ವಂತ ಬಾಣೆ ಕಾಡಿನಲ್ಲೇ ಬೆಳೆದರೂ ಮರ ಸರ್ಕಾರದ್ದು, ಲೈಸೆನ್ಸಿಲ್ಲದೆ ಒಂದು ಕೊಂಬೆ ಸುಡುವ ಹಾಗಿಲ್ಲ. ಹುತ್ತರಿ ಹಬ್ಬ ಕಳೆದದ್ದೇ ಭಾವನಿಗೆ ಮಡಿಕೇರಿಯ ಫಾರೆಸ್ಟ್ ಆಫೀಸಿಗೆ ಓಡಾಡುವುದೇ ಕೆಲಸವಾಯಿತು. ಹೋಗುವಾಗ ಬುಟ್ಟಿ ತುಂಬ ಕಿತ್ತಳೆ, ಮೇಲೊಂದು ಕುಪ್ಪಿ ಜೇನು. ಬರುವಾಗ ಖಾಲಿ ಬುಟ್ಟಿ, ಸಾಹೇಬರು ಕ್ಯಾಂಪಿನಲ್ಲಿದ್ದಾರೆ ಅನ್ನುವ ಮಾತು. ಕಮಲನಿಗೆ ಅಂತ ನಾನು ಎತ್ತಿಟ್ಟಿದ್ದ ಹಣ್ಣೂ ಆ ಆಫೀಸಿಗೇ ಹೋಯಿತು. ಕೊನೆಗೆ ಅಲ್ಲಿನ ಗುಮಾಸ್ತ ಒಂದು ದಾರಿ ತೋರಿಸಿದನಂತೆ. ಈ ಸಲ ತೋಟ ಇರುವವರಿಗೆ ಕೊಡುವುದಿಲ್ಲ, ಜಮೀನಿಲ್ಲದ ಬಡವರಿಗೆ ಮೊದಲು ಅಂತ ಆರ್ಡರು ಬಂದಿದೆ, ನಿಮ್ಮಲ್ಲಿ ಬಡವರು ಯಾರೂ ಇಲ್ಲವೇ ಅಂತ. ಭಾವ ಊಟಕ್ಕೆ ಕೂತು ಇದನ್ನು ಹೇಳುತ್ತಾ ನಕ್ಕರು. "ಬಡವರಿಗೇನು ಬರ, ನಮ್ಮ ಕೂಲಿ ಲೈನ್ ತುಂಬ ಅವ್ರೇ" ಅಂದರು.

ಹಾಗೆ ಸಿಕ್ಕಿದವನು ನಮ್ಮ ಲೈನಿನ ಸುಬ್ಬ. ಅವನಿಗೆ ಒಂದು ಅಕ್ಷರ ಬಾರದು. ಹಿತ್ತಲ ಜಗಲಿಗೆ ಕರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಎಂತಕೆ ಅಂತ ಅವನು ಕೇಳಿದಾಗ, ಮಳೆಗಾಲಕ್ಕೆ ಸರ್ಕಾರದವರು ಕಂಬಳಿ ಕೊಡುತ್ತಾರೆ ಅಂತ ಭಾವ ಹೇಳಿದರು. ನಾನು ಅಲ್ಲೇ ಅಕ್ಕಿ ಆರಿಸುತ್ತಿದ್ದೆ, ಎಲ್ಲ ಕೇಳಿಸಿತು. "ಅವನಿಗೆ ಇದ್ದದ್ದು ಇದ್ದ ಹಾಗೆ ಹೇಳಬಾರದಾ ಭಾವ?" ಅಂತ ಕೇಳಿದೆ. ಭಾವ ಹೆಬ್ಬೆಟ್ಟಿನ ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಗಂಡಸರ ಕೆಲಸ, ನೀನು ಅಕ್ಕಿ ನೋಡು ಅಂತ ಅತ್ತೆ ಗದರಿದರು.

ಆಮೇಲೆ ರೇಂಜರು ಜಾಗ ನೋಡಲು ಬಂದ. ಬಂದ ಅಂತಲೇ ಬರೆಯುತ್ತೇನೆ, ಬಂದರು ಅನ್ನಲು ನನಗೆ ಮನಸ್ಸಿಲ್ಲ. ಬಾಣೆ ಕಡೆ ತಲೆಯೂ ಹಾಕಲಿಲ್ಲ. ನಮ್ಮ ಚಾವಡಿಯಲ್ಲಿ ನಿಮ್ಮ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಕೋಳಿ ಸಾಕಷ್ಟು ಬೆಂದಿಲ್ಲ ಅಂತ ನನಗೇ ಹೇಳಿ ಕಳುಹಿಸಿದ. ಕೋಳಿಯ ಎಲುಬು ಚೀಪಿ ನೆಲಕ್ಕೆ ಹಾಕಿದ, ಎಲೆಯಡಿಕೆ ಉಗುಳನ್ನು ಮೆಟ್ಟಿಲ ಮೇಲೆ ಉಗಿದ. ಅದನ್ನು ನಾನೇ ತೊಳೆದೆ. ಎಷ್ಟು ನೀರು ಹೊಯ್ದರೂ ಕಲ್ಲಿನ ಸಂದಿಯಲ್ಲಿ ಕೆಂಪು ಉಳಿಯಿತು. ಸುಬ್ಬನನ್ನು ಅವನ ಮುಂದೆ ನಿಲ್ಲಿಸುವುದಕ್ಕೆ ಭಾವ ನಿಮ್ಮ ಪೆಟ್ಟಿಗೆಯಿಂದ ಬಿಳೀ ಅಂಗಿ ತೆಗೆದು ತೊಡಿಸಿದ್ದರು. ತೋಳು ಉದ್ದವಾಗಿ ಬೆರಳೇ ಕಾಣುತ್ತಿರಲಿಲ್ಲ. "ಇವನೇ ಏನು ಕಂಟ್ರಾಕ್ಟರು?" ಅಂತ ರೇಂಜರು ಕೇಳಿದ್ದಕ್ಕೆ ಭಾವ ನಕ್ಕರು, ಅವನ ಜೊತೆ ಬಂದಿದ್ದ ಫಾರೆಸ್ಟ್ ಗಾರ್ಡು ಮೊಣ್ಣಪ್ಪ ನಕ್ಕ. ಎಲ್ಲರೂ ನಗುವುದು ನೋಡಿ ಸುಬ್ಬನೂ ನಕ್ಕ.

ಲೈಸೆನ್ಸು ಬಂತು. ನಮ್ಮ ಬಾಣೆಯಲ್ಲಿ ಗುರುತು ಹಾಕಿದ ಮರ ಮಾತ್ರ ಕಡಿಯಬಹುದು ಅಂತ ಅದರಲ್ಲಿತ್ತು. ಭಾವ ಅಷ್ಟು ಮರ ಕಡಿಸಿ ಮುಗಿಸಿ, ಗಡಿಕಲ್ಲು ದಾಟಿ ಸರ್ಕಾರಿ ಕಾಡಿಗೆ ಕೊಡಲಿ ಹಾಕಿಸಿದರು. ಮತ್ತಿ, ನಂದಿ, ಹೊನ್ನೆ, ಎಂಥೆಂಥ ಮರ. ಸೌದೆ ಒಟ್ಟಿ ಮಣ್ಣು ಮುಚ್ಚಿ ಸುಡುತ್ತಿದ್ದದ್ದು ಸುಬ್ಬ ಮತ್ತು ಲೈನಿನವರು, ಎಂದಿನ ಕೂಲಿಗೇ. ಹೊಗೆ ನಮ್ಮ ಅಡಿಗೆಮನೆಯವರೆಗೆ ಬರುತ್ತಿತ್ತು, ಒಣಗಲು ಹಾಕಿದ ಬಟ್ಟೆಯೆಲ್ಲ ಅದೇ ವಾಸನೆ. ಮೊಣ್ಣಪ್ಪ ದಿನಾ ಬಂದು ಕಾಫಿ ಕುಡಿದು ಹೋಗುತ್ತಿದ್ದ, ಕಾಡಿನ ಕಡೆ ಬೆನ್ನು ಹಾಕಿ ಕೂತು.

ಹೋದ ಶನಿವಾರ ಹೊಸದಾಗಿ ಬಂದ ದೊಡ್ಡ ಆಫೀಸರು ಯಾರಿಗೂ ಹೇಳದೆ ಜೀಪಿನಲ್ಲಿ ಬಂದರು. ಕಡಿದ ಬುಡಗಳನ್ನು ಎಣಿಸಿಕೊಂಡು ನೇರ ನಮ್ಮ ಅಂಗಳಕ್ಕೇ ಬಂದು ಇದು ಯಾರ ಕೆಲಸ ಅಂತ ಕೇಳಿದರು. ಜೊತೆಯಲ್ಲಿದ್ದ ರೇಂಜರು ಭಾವನ ಗುರುತೇ ಇಲ್ಲದವನ ಹಾಗೆ ನಿಂತಿದ್ದ. ನಿಮ್ಮ ಅಣ್ಣ ಏನೂ ತಡವರಿಸದೆ, "ನಂಗೆ ಗೊತ್ತಿಲ್ಲೆ ಸ್ವಾಮಿ. ಲೈಸೆನ್ಸು ಸುಬ್ಬನದ್ದು, ಅವನನ್ನೇ ಕೇಳಿ" ಅಂದರು. ಮೈತುಂಬ ಮಸಿಯಾಗಿ ಅಲ್ಲೇ ನಿಂತಿದ್ದ ಸುಬ್ಬ ಭಾವನ ಮುಖ ನೋಡಿದ. ಈಗ ಏನಾದರೂ ಹೇಳಿಯಾರು ಅಂತ ಕಾದ. ಭಾವ ತೋಟದ ಕಡೆ ನೋಡುತ್ತಿದ್ದರು. ಅವನನ್ನು ಜೀಪಿನ ಹಿಂದೆ ಕೂರಿಸಿಕೊಂಡು ಹೋದರು. ನಾನು ಅಂಗಳಕ್ಕೆ ಇಳಿಯಲು ಹೋದರೆ ಅತ್ತೆ ಸೆರಗು ಹಿಡಿದು ಒಳಗೆಳೆದು ಬಾಗಿಲು ಹಾಕಿದರು.

ಅವನ ಹೆಂಡತಿ ದೊಡ್ಡಿ ಅಳಲಿಲ್ಲ. ಹಿತ್ತಲಿಗೆ ಬಂದು ಕೂತು, "ಅವ್ವಾ, ಕಂಬಳಿ ಕೇಳಿದ್ದು ತಪ್ಪಾ?" ಅಂದಳು. ನಾನು ನೇರ ಭಾವನ ಹತ್ತಿರ ಹೋಗಿ, ಮಡಿಕೇರಿಗೆ ಹೋಗಿ ಅವನನ್ನು ಬಿಡಿಸಿಕೊಂಡು ಬನ್ನಿ ಅಂದೆ. ಆಗ ಭಾವ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಮೂರು ತಿಂಗಳು ಹಾಕಬಹುದು, ಅಷ್ಟೇ. ಅಲ್ಲಿ ಎರಡು ಹೊತ್ತು ಅನ್ನ ಸಿಗ್ತದೆ. ಅವನಿಗೆ ಇಲ್ಲಿಗಿಂತ ಸುಖ." ಹೇಳಿ, ಮೀನಿನ ಸಾರು ಇನ್ನೊಂದು ಸೌಟು ಬಡಿಸಲು ತಟ್ಟೆ ನೂಕಿದರು. ನಾನು ಸೌಟು ಅಲ್ಲೇ ಇಟ್ಟು ಎದ್ದೆ. ಅವತ್ತಿನಿಂದ ಅವರು ಉಂಡ ತಟ್ಟೆ ಮುಟ್ಟಲು ನನಗೆ ಹೇಸಿಗೆಯಾಗುತ್ತದೆ. ರೇಂಜರು ಹೊರಗಿನವನು, ಉಗುಳಿ ಹೋದ, ತೊಳೆದೆ. ಇದು ಒಳಗಿನದು. ಮನೆ ಮರ್ಯಾದೆ, ಮನೆ ಮರ್ಯಾದೆ ಅಂತ ಅತ್ತೆ ಜಪ ಮಾಡುತ್ತಾರೆ. ಆ ಮರ್ಯಾದೆ ಈಗ ಮಡಿಕೇರಿಯಲ್ಲಿ ಸುಬ್ಬನ ಜೊತೆ ಲಾಕಪ್ಪಿನಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಒಡಹುಟ್ಟಿದವರ ಬಗ್ಗೆ ಹೀಗೆ ಬರೆದದ್ದಕ್ಕೆ ಬೇಜಾರಾದರೆ ಆಗಲಿ. ಸಣ್ಣವರಿದ್ದಾಗ ಅವರು ನಿಮ್ಮನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ್ದನ್ನು ನೀವು ಎಷ್ಟು ಸಲ ಹೇಳಿದ್ದೀರಿ, ನನಗೆ ಮರೆತಿಲ್ಲ. ಅದೂ ನಿಜ, ಇದೂ ನಿಜ.

ವೇಳೆಗೆ ಸರಿಯಾಗಿ ಉಣ್ಣಿ, ಮೈ ನೋಡಿಕೊಳ್ಳಿ. ತಲಕಾವೇರಿ ಅಮ್ಮ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಕಮಲ ಅಪ್ಪನಿಗೆ ಮುತ್ತು ಕಳುಹಿಸಿದ್ದಾಳೆ.

ನಿಮ್ಮ
ಯಮುನ

ಮರೆತದ್ದಲ್ಲ, ಬೇಕಂತಲೇ ಕೊನೆಗೆ: ಇವತ್ತು ಹದಿನಾರನೇ ತಾರೀಕು. ಮಡಿಕೇರಿ ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಬಸ್ಸಿಗೆ ಹೊತ್ತಾಯಿತು. ಬೆಳಿಗ್ಗೆ ಕೋರ್ಟಿನಲ್ಲಿ ಸುಬ್ಬನ ಪರವಾಗಿ ಸಾಕ್ಷಿ ಹೇಳಿದೆ. ಹೆಬ್ಬೆಟ್ಟು, ಕಂಬಳಿ, ರೇಂಜರಿನ ಊಟ, ಗಡಿಕಲ್ಲು ಎಲ್ಲ ಹೇಳಿದೆ, ಭಾವನ ಹೆಸರೂ ಹೇಳಿದೆ. ನನ್ನ ಅಣ್ಣ ಸಾಂತಪ್ಪ ಜಾಮೀನು ನಿಂತ, ಸುಬ್ಬನನ್ನು ಬಿಟ್ಟರು. ಅವನೂ ದೊಡ್ಡಿಯೂ ಹೊರಗೆ ಜಗಲಿಯಲ್ಲಿ ಕಾಯುತ್ತಿದ್ದಾರೆ. ಭಾವನಿಗೆ ಸಮನ್ಸು ಹೋಗುತ್ತದೆ, ರೇಂಜರಿನ ಮೇಲೂ ವಿಚಾರಣೆಯಂತೆ. ನಾನು ಮನೆ ಬಿಡುವುದಿಲ್ಲ, ಅದು ನಿಮ್ಮ ಮನೆಯೂ ಹೌದು. ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹಾಕಿಕೊಳ್ಳುತ್ತೇನೆ. ಕಾಗದ ಬರೆದು ಒಂದು ವಾರ ಹಾಕದೆ ಇಟ್ಟುಕೊಂಡಿದ್ದೆ. ಮೊದಲೇ ಹಾಕಿದ್ದರೆ, ಇವಳು ಸುಮ್ಮನಿರುವವಳಲ್ಲ ಅಂತ ತಿಳಿದು ನೀವು ಬೇಡ ಅಂತ ತಂತಿ ಕೊಡುತ್ತಿದ್ದಿರೋ ಏನೋ. ಕೊಟ್ಟಿದ್ದರೂ ಕೋರ್ಟಿಗೆ ಹೋಗುತ್ತಿದ್ದೆ. ಆದರೆ ಆಮೇಲೆ ನಿಮಗೆ ಕಾಗದ ಬರೆಯುವ ಮನಸ್ಸು ನನಗೆ ಉಳಿಯುತ್ತಿರಲಿಲ್ಲ.