ಅಣ್ಣನ ಹಿಂದಲೆಯ ಮಚ್ಚೆ

ಜನವರಿ 11, ಭಾನುವಾರ

ಇವತ್ತು ಕ್ಷೌರದಂಗಡಿಯಲ್ಲಿ ಒಂಬತ್ತು ತಲೆ, ನಾಲ್ಕು ಗಡ್ಡ. ಹತ್ತನೆಯ ತಲೆ ಅಣ್ಣನದು. ಎಂದಿನಂತೆ ಸರದಿ ತಪ್ಪಿಸಿ ಕುರ್ಚಿ ಏರಿದ. ಬೆಂಚಿನ ತುಂಬ ಗಿರಾಕಿಗಳು.

"ನಮ್ಮ ತಮ್ಮ ಎಂಥವ್ರ ಮೀಸೇನೂ ನಿಲ್ಲಿಸ್ತಾನೆ. ಹೆಂಡ್ತಿ ಒಬ್ಳನ್ನ ನಿಲ್ಲಿಸ್ಕೊಳ್ಳೋಕೆ ಆಗ್ಲಿಲ್ಲ ನೋಡಿ."

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಅವನ ತಲೆ ಬಗ್ಗಿಸಿ ಕತ್ತರಿ ಹಿಡಿದೆ.

ಅವನ ಹಿಂದಲೆಯಲ್ಲಿ, ಸುಳಿಯ ಕೆಳಗೆ, ಮಚ್ಚೆ. ಹೋದ ತಿಂಗಳು ಸಾಸಿವೆಯಷ್ಟಿತ್ತು. ಈಗ ಬೇಳೆಯಷ್ಟು. ಅಂಚು ಸೊಟ್ಟ, ಅರ್ಧ ಕಪ್ಪು, ಅರ್ಧ ಕಂದು. ಹೇಳಲಿಲ್ಲ. ಕಸುಬು ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು — ಗಿರಾಕಿಯ ಹುಣ್ಣು, ಹೇನು, ಬೋಳು ಕಣ್ಣಿಗೆ ಬಿದ್ದರೂ ಬಾಯಿಗೆ ಬರಬಾರದು. ಒಳ್ಳೆಯ ನೆಪ.

ಫೆಬ್ರವರಿ 15

ಶರಟಿನ ಗುಂಡಿಯಷ್ಟಾಗಿದೆ. ಬಾಚಣಿಗೆ ತಗುಲಿ ರಕ್ತ. ಪಟಿಕ ಒತ್ತಿದೆ.

"ಏನೋ ಅದು?"

"ಗುಳ್ಳೆ ಅಣ್ಣ. ಬಿಸಿಲಿಗೆ."

ಹೆಂಡತಿಯ ಆ ಜೋಕಿಗೆ ಮೊದಲು ಕ್ಷಮೆ ಕೇಳಲಿ, ಆಮೇಲೆ ಹೇಳುತ್ತೇನೆ. ಆದರೆ ಮನೆಯಲ್ಲಿ ಅತ್ತಿಗೆ ನೋಡಿಬಿಟ್ಟರೆ? ಅಲ್ಲಿ ಮಾತ್ರ ಕೂದಲು ಉದ್ದ ಬಿಟ್ಟೆ, ಸುತ್ತ ಮೆಷಿನ್ ಹಾಕಿ, ಮೇಲಿನಿಂದ ಬಾಚಿ ಮುಚ್ಚಿದೆ. ಇಷ್ಟು ಅಚ್ಚುಕಟ್ಟಾದ ಕೆಲಸ ಇಪ್ಪತ್ತು ವರ್ಷದಲ್ಲಿ ಮಾಡಿರಲಿಲ್ಲ.

ಏಪ್ರಿಲ್ 12

ಇವತ್ತೂ ಅದೇ ಜೋಕು. ಇವತ್ತೂ ಮುಚ್ಚಿದೆ.

ಜೂನ್ 9

ಅತ್ತಿಗೆಯ ಫೋನು. ಅಣ್ಣನ ಕುತ್ತಿಗೆಯಲ್ಲಿ ಗಡ್ಡೆ. ಡಾಕ್ಟರು ಕೂದಲು ಬಿಡಿಸಿ ಮಚ್ಚೆ ನೋಡಿ ಪರೀಕ್ಷೆಗೆ ಕಳಿಸಿದರಂತೆ. ಮೆಲನೋಮಾ. ಚರ್ಮದ ಕ್ಯಾನ್ಸರ್. ಶ್ವಾಸಕೋಶಕ್ಕೂ ಹೋಗಿದೆ.

"ಬಿಸಿಲೇ ಕಾರಣ ಇರ್ಬೇಕು ಅಂತಾರೆ ಕಣಪ್ಪಾ. ಮೂವತ್ತು ವರ್ಷ ಮನೆಗಳ ಮೇಲೆ ತಗಡಿನ ಮಾಡು ಹಾಕಿದ್ರಲ್ಲ, ತಲೆಗೊಂದು ಟೋಪಿ ಇಲ್ದೆ. ಮೊದ್ಲೇ ಕಂಡಿದ್ರೆ ಆ ಮಚ್ಚೆಯಷ್ಟು ಚರ್ಮ ಕೊಯ್ದು ತೆಗೆದ್ರೆ ಸಾಕಾಗ್ತಿತ್ತಂತೆ. ದಿನಾ ಪಕ್ಕದಲ್ಲೇ ಮಲಗ್ತೀನಿ. ನಾನೊಬ್ಳು ಕುರುಡಿ."

ಸಮಾಧಾನ ಹೇಳಿದೆ. ಫೋನಿಟ್ಟು, ಕಾದಿದ್ದ ಗಿರಾಕಿಯ ಗಡ್ಡ ಮುಗಿಸಿದೆ. ಒಂದು ಗೀರೂ ಬೀಳಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ಜುಲೈ 2, ಮಧ್ಯಾಹ್ನ 3

ಈಗಷ್ಟೇ ವಾರ್ಡಿನಿಂದ ಬಂದೆ. ಬೇರೆ ಮಚ್ಚೆ ಇದೆಯೇ ನೋಡಬೇಕು, ತಲೆ ಬೋಳಿಸಿ ಅಂತ ಕರೆಸಿದ್ದರು. ಮೂರು ವಾರಕ್ಕೊಂದು ಇಮ್ಯುನೊಥೆರಪಿ ಡ್ರಿಪ್ — ಮೈಯ ಕಾವಲನ್ನು ಎಬ್ಬಿಸುವ ಔಷಧಿಯಂತೆ. ಜೊತೆಗೆ ಟ್ರಯಲ್ ಒಂದು, ಹೊಸ ಔಷಧಿಯ ಪ್ರಯೋಗ. ಅವನ ಗಡ್ಡೆಯ ಚೂರು ಪರೀಕ್ಷಿಸಿ ಅವನೊಬ್ಬನಿಗೇ ಲಸಿಕೆ ಮಾಡುತ್ತಾರಂತೆ. "ಕೆಲವ್ರಿಗೆ ಹಿಡಿಯುತ್ತೆ, ಕೆಲವ್ರಿಗೆ ಇಲ್ಲ," ಅಂದರು ನರ್ಸ್. ಅಣ್ಣ ಅರ್ಧಕ್ಕರ್ಧ ಇಳಿದಿದ್ದಾನೆ.

ಅವನ ಜೊತೆ ತಗಡಿನ ಕೆಲಸಕ್ಕೆ ಮಾಡು ಹತ್ತುವ ಕುಳ್ಳ ನೋಡಲು ಬಂದಿದ್ದ. ಅಣ್ಣನೇ ಅಂದ, "ಇವನ ತಲೇನೂ ನೋಡೋ. ಇವ್ನೂ ಬಿಸಿಲು ತಿಂದವ್ನೇ."

ದಟ್ಟ ಕೂದಲು. ಎರಡು ಬೆರಳು ಆಡಿಸಿದೆ, ಅಷ್ಟೆ.

"ಬಲಗಿವಿ ಹಿಂದೆ ಒಂದು ಚುಕ್ಕೆ ಇದೆ. ಅಂಚು ಸರಿಯಿಲ್ಲ. ಇವತ್ತೇ ತೋರ್ಸು."

ಬಾಯಿಂದ ಜಾರಿಹೋಯಿತು. ಕುಳ್ಳ ಡಾಕ್ಟರನ್ನು ಹುಡುಕಿಕೊಂಡು ಓಡಿದ.

ಅಣ್ಣ ನನ್ನನ್ನೇ ನೋಡುತ್ತಿದ್ದ. ಕೈ ತನ್ನ ಬೋಳು ಹಿಂದಲೆಗೆ ಹೋಯಿತು.

"ಅಷ್ಟು ಸಣ್ಣದೂ ಕಾಣುತ್ತೇನೋ ನಿಂಗೆ?"

ಅತ್ತಿಗೆಯೂ ತಿರುಗಿದರು. ನಾನು ಅಂದೆ — "ನಿಂದೂ ಕಂಡಿತ್ತು ಅಣ್ಣ. ಜನವರೀಲೇ."