ಕುಸಿದ ಸ್ಪ್ರಿಂಗು, ಕೇಳಬಾರದ ಲೆಕ್ಕ

ಇಸ್ಸಾತ್ ಅಣ್ಣಾ,

ಕೈಗೆ ಮೆತ್ತಿದ ಗ್ರೀಸು ಸೋಪಿಗೂ ಜಗ್ಗುತ್ತಿಲ್ಲ, ಬಿಸಿನೀರಿಗೂ ಬಗ್ಗುತ್ತಿಲ್ಲ. ಕಾಗದದ ಅಂಚಿನಲ್ಲಿ ಕರಿ ಬೆರಳಚ್ಚು ಕಂಡರೆ ಅದೇ ನನ್ನ ಸಹಿ ಎಂದುಕೋ. ಫೋನ್ ಮಾಡಬಹುದಿತ್ತು. ಆದರೆ ನೀನು "ಎಲ್ಲಾ ಸರಿ ಇದೆ, ಮಂದೆ ನೋಡ್ಕೋ" ಎಂದು ಕುಕ್ಕಿಬಿಡುತ್ತೀ. ಕಾಗದವನ್ನು ಹಾಗೆ ಕುಕ್ಕಲು ಬರುವುದಿಲ್ಲ. ಗಾಡ್ಜಾ ಅತ್ತೆ ನಾಳೆಯ ಬಸ್ಸಿಗೆ ನೀನಿರುವ ಕರಾವಳಿಗೆ ಹೊರಟಿದ್ದಾಳೆ. ಇದನ್ನು ಅವಳ ಕೈಯಲ್ಲೇ ಕಳಿಸುತ್ತೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೆ ಕೂತು ಕಾಲುಚೀಲ ಹೆಣೆಯುತ್ತಿರುತ್ತಾಳೆ. ಅವಳ ಸೂಜಿಗಳಿಂದ ತಪ್ಪಿಸಿಕೊಂಡವರು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ.

ನಿನ್ನ ಮೋಟಾರು ಹಿಮಗಾಡಿಯ ಹಿಂದಿನ ಸ್ಪ್ರಿಂಗುಗಳನ್ನು ಬದಲಾಯಿಸಿದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ "ಇನ್ನೊಂದು ಚಳಿಗಾಲ ಬಾಳಿಕೆ ಬರುತ್ತೆ ಬಿಡೇ" ಎನ್ನುತ್ತಿದ್ದೆ. ಎಷ್ಟು ಚಳಿಗಾಲದಿಂದ ಇದೇ ಮಾತನ್ನು ಕೇಳುತ್ತಿದ್ದೇನೋ, ಚಳಿಗಾಲಕ್ಕೇ ಬೇಸರ ಬಂದಿರಬೇಕು. ಮುಂದಿನ ವಾರ ಮಂದೆಯನ್ನು ಸಮುದ್ರದ ಕಡೆಗೆ ಹೊರಡಿಸಬೇಕು. ಹೊಟ್ಟೆಯಲ್ಲಿ ಮರಿ ಹೊತ್ತು ನಡೆಯಲಾರದೆ ಕುಸಿಯುವ ಹೆಣ್ಣು ಸಾರಂಗಗಳನ್ನು ಜಾರುಬಂಡಿಗೆ ಹಾಕಿ ಎಳೆಯಲು ಈ ಗಾಡಿಯೇ ಗತಿ. ಅದೇ ಕುಸಿದು ಕೂತರೆ ಅದನ್ನು ಯಾರು ಎಳೆಯುತ್ತಾರೆ?

ಸ್ಪ್ರಿಂಗು ಸೋತಿದೆ ಎಂದು ಮೊದಲು ದೀಪ ಹೇಳಿತ್ತು, ನೆನಪಿದೆಯೇ? ಸೂರ್ಯ ಮೂಡದ ಕತ್ತಲ ತಿಂಗಳಲ್ಲಿ ಹಿಂಬದಿ ಕುಸಿದು ಮೂತಿ ಮೇಲಕ್ಕೆದ್ದು, ದಾರಿಗೆ ಬೀಳಬೇಕಿದ್ದ ಬೆಳಕು ಮುಗಿಲಿಗೆ ಬೀಳುತ್ತಿತ್ತು. ಅತ್ತೆ ಅಂಗಳದಲ್ಲಿ ನಿಂತು ಕೂಗಿದ್ದಳು: "ಏನೋ ಇಸ್ಸಾತ, ದೇವ್ರಿಗೆ ದಾರಿ ತೋರಿಸ್ತಿದ್ದೀಯಾ? ಅವನಿಗೆ ಗೊತ್ತು ಕಣೋ, ನಿನಗೆ ಬೇಕಾಗಿರೋದು!" ನೀನು ಇಳಿಯದೆಯೇ ಉತ್ತರ ಕೊಟ್ಟಿದ್ದೆ: "ಹಿಂದಿನ ಸೀಟಲ್ಲಿ ನಿನ್ನ ಕೂರಿಸ್ಕೊಂಡು ತಿರುಗಿದ್ದಕ್ಕೇ ಅತ್ತೆ ಇದು ಹೀಗಾಗಿದ್ದು." ಅವಳು ಆ ವಾರವೆಲ್ಲ ನಿನ್ನ ಕಾಫಿಗೆ ಎಂದಿನ ಒಣಮಾಂಸದ ಚೂರು ಹಾಕಲಿಲ್ಲ.

ಆಮೇಲೆ ಗಾಡಿಗೆ ನಿನ್ನ ಔಷಧಿಗಳು ಶುರುವಾದವು. ನೀನು ಸ್ಪ್ರಿಂಗಿನ ಬಿಗಿಯನ್ನು ತಿರುಗಿಸಿ ಕೊನೆಯ ಹಲ್ಲಿಗೆ ತಂದೆ. ಅಲ್ಲಿಂದ ಮುಂದೆ ತಿರುಗಲು ಜಾಗವಿಲ್ಲದಾಗ ಸೀಟಿನ ಮೇಲೆ ಸಾರಂಗದ ತೊಗಲು ಮಡಿಸಿ ಹಾಸಿದೆ. ಕೊನೆಗೆ ಬರ್ಚ್ ಮರದ ತುಂಡು ಕಡಿದು ಕೆಳಗೆ ಬೆಣೆ ಹೊಡೆದೆ. ಗಾಡಿ ನೆಟ್ಟಗೆ ನಿಂತಿತು, ನಿಜ. ಆದರೆ ಮೆತ್ತಗೆ ಇಳಿಯಬೇಕಾದ ಜಾಗ ಮರದ ದಿಮ್ಮಿಯಾಯಿತು. ಗಾಳಿ ಕೆತ್ತಿದ ಹಿಮದ ದಿಣ್ಣೆಗಳ ಮೇಲೆ ಓಡಿಸುವಾಗ ಸ್ಪ್ರಿಂಗು ನುಂಗಬೇಕಾದ ಪೆಟ್ಟನ್ನೆಲ್ಲ ನಿನ್ನ ಬೆನ್ನು ನುಂಗಿತು. ನಾನು ಕಟ್ಟಿದ ಪದ್ಯವನ್ನು ಅತ್ತೆ ಈಗಲೂ ಒಲೆಯ ಮುಂದೆ ಗುನುಗುತ್ತಾಳೆ:

ಹಿಂಬದಿ ಇಳಿಯಿತು, ಮುಂಬದಿ ಏರಿತು,
ದೀಪವು ಮುಗಿಲಿನ ಮೂಗನು ತೋರಿತು;
ಕೂತವನ ಬೆನ್ನು ಕಟಕಟ ಎಂದಿತು,
ಕೇಳಲು ಬಾಯಿ "ಏನಿಲ್ಲ" ಎಂದಿತು.

ಆಗ ನೀನೂ ನಕ್ಕಿದ್ದೆ. ನಗುವಾಗ ಸೊಂಟ ಹಿಡಿದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಗಾಡಿಯ ಹಿಂಬದಿಯನ್ನು ಕೊಟ್ಟಿಗೆಯ ತೊಲೆಗೆ ಹಗ್ಗ ಹಾಕಿ ಎತ್ತಿದೆ. ಬೆಣೆ ತೆಗೆಯಲು ಸುತ್ತಿಗೆ ಬೇಕಾಯಿತು. ಈ ಸ್ಪ್ರಿಂಗುಗಳೋ, ಬಟ್ಟೆ ಕ್ಲಿಪ್ಪಿನ ಸುರುಳಿಯನ್ನು ರಾಕ್ಷಸರಿಗೆಂದು ಮಾಡಿಸಿದ ಹಾಗಿವೆ. ಹಳೆಯದರ ಸುರುಳಿಯಿಂದ ಹೊರಚಾಚಿದ ಕಾಲನ್ನು ಕೊಂಡಿಯಿಂದ ಬಿಡಿಸಲು ಹೋದರೆ ಅಷ್ಟು ಸೊರಗಿದ್ದೂ ಒದ್ದು ನನ್ನ ಟೋಪಿ ಹಾರಿಸಿತು. ಹೊಸದನ್ನು ಹಾಕಿ, ಬೋಲ್ಟು ಬಿಗಿದು, ಕಾಫಿ ಕುಡಿಯುತ್ತಾ ನೋಡುತ್ತೇನೆ, ಎಡದ್ದು ಬಲಕ್ಕೆ ಬಂದಿದೆ, ಬಲದ್ದು ಎಡಕ್ಕೆ. ಅಳಬೇಕು ಅನ್ನಿಸಿತು. ಅಷ್ಟು ಚೈತನ್ಯವೂ ಇರಲಿಲ್ಲ. ಮತ್ತೆ ಎಲ್ಲ ಬಿಚ್ಚಿದೆ. ಒಂಟಿ ಕೈಯ ಕೆಲಸ ಎಂದರೆ ಇದೇ: ತಪ್ಪು ಮಾಡುವವಳೂ ನಾನೇ, ಬೈಯುವವಳೂ ನಾನೇ, ಬೈಸಿಕೊಳ್ಳುವವಳೂ ನಾನೇ.

ಮುಗಿದ ಮೇಲೆ ಹಳೆಯದನ್ನೂ ಹೊಸದರ ಖಾಲಿ ಪೆಟ್ಟಿಗೆಯ ಮೇಲಿನ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯದರ ಕಾಲು ಎಷ್ಟು ಸೋತು ಬಾಗಿದೆ ಎಂದು ಕಣ್ಣಿಗೆ ಹೊಡೆಯುವಂತಿತ್ತು. ಸ್ಪ್ರಿಂಗಿಗೆ ನಾಚಿಕೆಯಿಲ್ಲ, ಅಣ್ಣಾ. ಎಷ್ಟು ಸೋತಿದ್ದೇನೆ ಎನ್ನುವುದನ್ನು ಕೇಳಿದವರಿಗೆಲ್ಲ ತೋರಿಸುತ್ತದೆ.

ನಿನ್ನ ಮಗಳು ಮಾರೆತ್ ಆಸ್ಪತ್ರೆಯಲ್ಲಿ ನಡೆದದ್ದನ್ನು ನನಗೆ ಹೇಳಿದಳು. ನರ್ಸು ಪಾಪ ಮರ್ಯಾದೆಯಿಂದಲೇ ಕೇಳಿದ್ದಾಳೆ: "ನೋವು ಎಷ್ಟಿದೆ? ಒಂದರಿಂದ ಹತ್ತರೊಳಗೆ ಹೇಳಿ." ನೀನು ಕಿಟಕಿಯ ಕಡೆ ತಿರುಗಿ "ಏನೋ, ಒಂದಿಷ್ಟು ಇದೆ" ಎಂದೆಯಂತೆ. "ಒಂದಿಷ್ಟು ಅಂದ್ರೆ ಎರಡಾ, ಮೂರಾ?" "ಹಾಂ, ಅಷ್ಟಿರಬಹುದು." ಅವಳು ಎರಡು ಎಂದು ಬರೆದುಕೊಂಡಳು, ಮಾತ್ರೆ ಕೊಟ್ಟು ಕಳಿಸಿದರು.

ಆ ದನಿ ನನಗೆ ಗೊತ್ತು. ಬೇಸಿಗೆಯಲ್ಲಿ ಬರುವ ಪರವೂರಿನವರು "ನಿಮ್ಮ ಹತ್ತಿರ ಎಷ್ಟು ಸಾರಂಗ ಇವೆ?" ಎಂದು ಕೇಳಿದಾಗ ಅಪ್ಪ ಇದೇ ದನಿಯಲ್ಲಿ ಇದೇ ಮಾತು ಹೇಳುತ್ತಿದ್ದ. ಮಂದೆ ಎಷ್ಟಿದೆ ಎಂದು ನಮ್ಮವರು ಯಾರೂ ಕೇಳುವುದಿಲ್ಲ, ಕೇಳಿದವರಿಗೆ ಯಾರೂ ಹೇಳುವುದಿಲ್ಲ. ಆದರೆ ಅಣ್ಣಾ, ಆ ಹುಡುಗಿ ನಿನ್ನ ಮಂದೆಯ ಲೆಕ್ಕ ಕೇಳಲಿಲ್ಲ. ಮಾರೆತ್ ಕೂಡ ನಮ್ಮ ರಕ್ತವೇ. ಅಪ್ಪನ ಲೆಕ್ಕ ತಾನು ಹೇಳಬಾರದೆಂದು ಪಕ್ಕದಲ್ಲಿ ತುಟಿ ಹೊಲಿದುಕೊಂಡು ಕೂತಿದ್ದಳು.

ನೀನು ಬಸ್ಸಿಗೆ ಹೊರಟ ದಿನ ಅಂಗಳದ ಹೊಸ ಹಿಮದಲ್ಲಿ ನಿನ್ನ ಜಾಡು ನೋಡಿದೆ. ಬಲ ಬೂಟಿನದು ಅಚ್ಚುಕಟ್ಟಾದ ಗುರುತು. ಎಡದ್ದು ಪ್ರತಿ ಹೆಜ್ಜೆಗೂ ಮುಂದೆ ಉದ್ದನೆಯ ಗೀರು ಎಳೆದಿದೆ. ಪಾದ ಏಳುತ್ತಿಲ್ಲ. ಜಾಡು ಓದಲು ಕಲಿಸಿದವನೇ ನೀನು. ಸಾರಂಗವೊಂದು ಹಾಗೆ ಗೀರು ಎಳೆದಿದ್ದರೆ "ಇದನ್ನ ನಡೆಸಬೇಡ್ವೇ, ಬಂಡಿಗೆ ಹಾಕು" ಎನ್ನುತ್ತಿದ್ದೆ.

ಮಾರೆತ್ ವಿಚಾರಿಸಿದ್ದಾಳೆ. ಬೆನ್ನಿನಲ್ಲಿ ನರ ಅಮುಕಿಕೊಂಡಿದ್ದರೆ ಬೇಗ ಕೊಯ್ದು ಬಿಡಿಸಬೇಕಂತೆ. ತಡವಾದರೆ ಪಾದ ಮತ್ತೆ ಏಳದೆಯೂ ಹೋಗಬಹುದಂತೆ. ಗುರುವಾರ ಡಾಕ್ಟರು ನಿನ್ನನ್ನು ಮತ್ತೆ ನೋಡುತ್ತಾರೆ. ನೀನು ಅಲ್ಲಿಯೂ "ಒಂದಿಷ್ಟು" ಎಂದರೆ, ನಿನ್ನಷ್ಟು ಗೋಳಿಲ್ಲದವರು ಯಾರೂ ಇಲ್ಲವೆಂದು ಬೆನ್ನು ತಟ್ಟಿ ಕಳಿಸಿಯಾರು. ತಟ್ಟುವುದಕ್ಕಾದರೂ ಬೆನ್ನು ಬೇಡವೇ?

ಆದ್ದರಿಂದ ಸಂಖ್ಯೆ ಹೇಳು. ಗೀರನ್ನೂ ಹೇಳು. ನೋವನ್ನು ಯಾರೂ ಕದಿಯಲು ಬರುವುದಿಲ್ಲ, ಎಣಿಸಿದರೆ ಅದಕ್ಕೆ ದೃಷ್ಟಿ ತಗಲುವುದಿಲ್ಲ. ತಗಲಿ ಒಂದೆರಡು ನೋವು ಸತ್ತರೆ ಒಳ್ಳೆಯದೇ ಆಯಿತು.

ಬಾಯಿ ಬರದಿದ್ದರೆ ಮೊದಲು ಮರ್ಯಾದೆ ಬಿಡುವವಳು ನಾನಾಗುತ್ತೇನೆ. ಮುಂದಿನ ಸಾಲನ್ನು ಅತ್ತೆಗೆ ಕೇಳುವಂತೆ ಓದಬೇಡ. ಕಿವಿಯಲ್ಲಿ ನನ್ನ ಗುರುತು ಕೊಯ್ದ, ನನ್ನವೇ ಆದ ಸಾರಂಗಗಳು ನೂರ ಎಂಬತ್ತಾರು. ನಿನಗೆ ಅಂದಾಜು ಇದ್ದೇ ಇರುತ್ತದೆ, ಆದರೆ ನನ್ನ ಗಂಡನಿಗೂ ನಾನು ಬಾಯಿಬಿಟ್ಟು ಹೇಳಿದವಳಲ್ಲ. ಬರೆದು ಕಿಟಕಿಯಾಚೆ ನೋಡಿದೆ. ಏನೂ ಆಗಲಿಲ್ಲ. ಹೊರಗೆ ಅವು ಹಿಮ ಕೆದಕುತ್ತಾ ಮೇಯುತ್ತಲೇ ಇವೆ.

ಈಗ ನಿನ್ನ ಸರದಿ. ನನಗೆ ಹೇಳಬೇಡ, ಡಾಕ್ಟರಿಗೆ ಹೇಳು.

ಗಾಡಿಯ ಮೇಲೆ ಕೂತು ನೋಡಿದೆ. ಮೆತ್ತಗೆ ಇಳಿದು, ಹಾಗೇ ಎತ್ತಿಕೊಂಡಿತು. ದೀಪ ನೆಲ ನೋಡುತ್ತಿದೆ. ಬರ್ಚ್ ತುಂಡನ್ನು ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು, ನಿನ್ನ ಔಷಧಿಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ನಾನು ತುಂಬಾ ದಣಿದಿದ್ದೇನೆ ಅಣ್ಣಾ. ಆದರೂ ಮಂದೆಯನ್ನು ಸಮುದ್ರದವರೆಗೆ ತರುತ್ತೇನೆ. ನಾವು ಇಳಿದು ಬರುವಾಗ ನೀನು ದಡದಲ್ಲಿ ನಿಂತಿರಬೇಕು. ಕೋಲಿದ್ದರೂ ಚಿಂತೆಯಿಲ್ಲ. ನಿನ್ನ ಜಾಡಿನಲ್ಲಿ ಗೀರು ಇರಬಾರದು, ಅಷ್ಟೇ.

ನಿನ್ನ ಕಾಲಡಿಯ ಹಿಮ ಗಟ್ಟಿಯಾಗಿರಲಿ, ನಿನ್ನ ಬಾಯಿ ಗುರುವಾರದ ಮಟ್ಟಿಗಾದರೂ ಮೆತ್ತಗಾಗಲಿ.

ನಿನ್ನ ಗಾಡಿಯನ್ನು ಕೇಳದೆ ಬಿಚ್ಚಿದ ತಂಗಿ,
ರಾವ್ನಾ